ಮನೆಯ ಸಾಮಾನಿನಲ್ಲೇ ಹೊಲಿಗೆ: ಯಾವುದು ನಡೆಯುತ್ತದೆ, ಯಾವುದನ್ನು ಕೊಳ್ಳಲೇಬೇಕು?

ಡೊಂಬಿವಲಿ ದಾರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿರುವುದು ಕಾಲಿನಿಂದ ತುಳಿಯುವ ಹಳೇ ಕಪ್ಪು ಮಷಿನ್. ನೇರ ಹೊಲಿಗೆ ಒಂದೇ, ಜಿಗ್‌ಜಾಗ್ ಇಲ್ಲ. ಸರ್ವಿಸ್ ಆದ ಮೇಲೆ ಹೊಲಿಗೆ ಚೆನ್ನಾಗಿ ಬೀಳುತ್ತಿದೆ. ದಸರೆಯೊಳಗೆ ಮೂರು ಕೆಲಸ ಆಗಬೇಕು: ಲೈನಿಂಗ್ ಹಾಕಿದ ಕಾಟನ್ ಬ್ಲೌಸ್, ಕೊರಳಿಗೆ ಪೈಪಿಂಗ್ ಮತ್ತು ಬೆನ್ನಿಗೆ ಡೋರಿ (ಬಟ್ಟೆಯ ಕಟ್ಟುದಾರ) ಇರುವ ರೇಷ್ಮೆ ಬ್ಲೌಸ್, ಬಾಲ್ಕನಿಯಲ್ಲಿರುವ ವಾಷಿಂಗ್ ಮಷಿನ್‌ಗೆ ರೆಕ್ಸಿನ್ ಹೊದಿಕೆ.

ಹೊಲಿಗೆಯ ಉಪಕರಣ ಅಂತ ಆನ್‌ಲೈನ್‌ನಲ್ಲಿ ಹುಡುಕಿದರೆ ಪಟ್ಟಿ ಮುಗಿಯುವುದೇ ಇಲ್ಲ. ಬಟ್ಟೆ ಹಿಡಿಯುವ ಕ್ಲಿಪ್ಪು, ಕಟಿಂಗ್ ತೂಕಗಳು, ಮ್ಯಾಗ್ನೆಟ್ ಗೈಡು, ತೋಳಿನ ಇಸ್ತ್ರಿಗೆ ದಿಂಬು, ಮರದ ತುಂಡು, ಮೂಲೆ ತಿರುಗಿಸುವ ಕಡ್ಡಿ, ಹೀಗೆ. ಒಂದು ಕೋಣೆ, ಒಂದು ಅಡುಗೆಮನೆ ಇರುವ ಮನೆಯಲ್ಲಿ ಇವನ್ನೆಲ್ಲ ಇಡಲು ಜಾಗವೂ ಇಲ್ಲ, ಎಲ್ಲವನ್ನೂ ಕೊಳ್ಳುವ ಅಗತ್ಯವೂ ಕಾಣುತ್ತಿಲ್ಲ. ಮನೆಯಲ್ಲಿರುವುದರಲ್ಲೇ ಯಾವ ಯಾವ ಕೆಲಸ ಸರಿಯಾಗಿ ಆಗುತ್ತದೆ, ಯಾವುದರಲ್ಲಿ ಬಟ್ಟೆಯೋ ಮಷಿನ್ನೋ ಹಾಳಾಗುತ್ತದೆ? ಕಾರಣ ಸಮೇತ ಹೇಳಿದರೆ ಉಪಕಾರ.

ಮುಲುಂಡ್ ಕಟಿಂಗ್:

ಅಕ್ಕ, ಅಳೆಯುವುದು, ಗುರುತು ಹಾಕುವುದು, ಬಟ್ಟೆ ಜಾರದಂತೆ ಹಿಡಿಯುವುದು, ಇಸ್ತ್ರಿಯಲ್ಲಿ ಆಕಾರ ಕೂರಿಸುವುದು, ಇಷ್ಟಕ್ಕೆ ಮನೆಯ ಸಾಮಾನು ಧಾರಾಳವಾಗಿ ಸಾಕು. ಕತ್ತರಿ, ಸೂಜಿ, ದಾರ, ಮಷಿನ್ ಎಣ್ಣೆ, ಈ ನಾಲ್ಕರಲ್ಲಿ ಮಾತ್ರ ರಾಜಿ ಬೇಡ. ಹೊರಗಿನಿಂದ ಬಟ್ಟೆಯನ್ನು ಮುಟ್ಟುವ ವಸ್ತು ಬದಲಾದರೆ ನಡೆಯುತ್ತದೆ. ಬಟ್ಟೆಯ ಎಳೆಯನ್ನು ಕಡಿಯುವ, ಸೀಳುವ, ಮಷಿನ್ನಿನ ಒಳಗೆ ಸೇರುವ ವಸ್ತು ಬದಲಾಗಬಾರದು.

ಗುರುತು ಹಾಕಲು ಸ್ನಾನದ ಸೋಪಿನ ಸವೆದ ಬಿಲ್ಲೆಗಿಂತ ಒಳ್ಳೆಯದು ಕಡಿಮೆ. ಮಳೆಗಾಲದಲ್ಲಿ ಅದು ಮೆತ್ತಗಿರುತ್ತದೆ, ಎರಡು ಮೂರು ದಿನ ಫ್ಯಾನಿನ ಕೆಳಗೆ ಒಣಗಿಸಿ. ಆಮೇಲೆ ಚಾಕುವಿನಿಂದ ಎರಡೂ ಬದಿ ಹೆರೆದು ಅಂಚು ಹರಿತ ಮಾಡಿಕೊಳ್ಳಿ. ಗೆರೆ ದಪ್ಪವಾದರೆ ಒಳಬದಿಗೆ ಕತ್ತರಿಸಬೇಕೋ ಹೊರಬದಿಗೋ ತಿಳಿಯುವುದಿಲ್ಲ. ಬ್ಲೌಸಿನ ಎರಡು ಪಕ್ಕದ ಹೊಲಿಗೆಗೆ ನಾಲ್ಕು ಅಂಚು. ಒಂದೊಂದರಲ್ಲಿ 2 ಮಿ.ಮೀ. ತಪ್ಪಿದರೂ ಸುತ್ತಳತೆಯಲ್ಲಿ 8 ಮಿ.ಮೀ. ಹೋಯಿತು. ಬ್ಲೌಸ್ ಬಿಗಿಯಾಯಿತು ಅನ್ನುವವರ ತೊಂದರೆ ಬಹಳ ಸಲ ಟೇಪಿನಲ್ಲಿರುವುದಿಲ್ಲ, ಈ ಗೆರೆಯಲ್ಲಿರುತ್ತದೆ. ಗ್ಲಿಸರಿನ್ ಸೋಪು ಗೆರೆ ಬಿಡುವುದಿಲ್ಲ. ಕ್ರೀಮ್ ಸೇರಿಸಿದ ಸೋಪು ರೇಷ್ಮೆಯ ಮೇಲೆ ಜಿಡ್ಡಿನ ಕಲೆ ಮಾಡುತ್ತದೆ, ಮೇಲೆ ಇಸ್ತ್ರಿ ಹಾಯಿಸಿದರೆ ಕಲೆ ಕೂತೇ ಬಿಡುತ್ತದೆ. ಆದ್ದರಿಂದ ಗುರುತು ಯಾವಾಗಲೂ ಬಟ್ಟೆಯ ಒಳಮೈಗೆ, ಅದೂ ಮೊದಲು ಕತ್ತರಿಸಿ ಎಸೆಯುವ ಚೂರಿನ ಮೇಲೆ ನೋಡಿ. ಬಿಳಿ ಬಟ್ಟೆಗೆ ಸೋಪು ಕಾಣುವುದಿಲ್ಲ. ಅಲ್ಲಿ ಮಡಿಸಿ ಉಗುರಿನಿಂದ ಗೀರಿ, ಇಲ್ಲವೇ ಊಟದ ಚಾಕುವಿನ ಬೆನ್ನಿನಿಂದ ಒತ್ತಿ ಗೆರೆ ಮೂಡಿಸಿ. ಪೆನ್ಸಿಲ್ ಬೇಡ, ಅದರ ಸೀಸ ತೊಳೆದರೂ ಬೂದುಬಣ್ಣವಾಗಿ ಉಳಿಯುತ್ತದೆ.

ಅಳತೆಗೆ ಟೇಪು ಬೇಕೇ ಬೇಕು, ಆದರೆ ಬಟ್ಟೆಯ ಹಳೇ ಟೇಪು ಹಿಗ್ಗಿರುತ್ತದೆ. ಮಕ್ಕಳ 30 ಸೆಂ.ಮೀ. ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ಒಮ್ಮೆ ತಾಳೆ ನೋಡಿ. ಚಿಕ್ಕ ಅಳತೆಗಳಿಗೆ ಮನೆಯಲ್ಲೇ ಖಚಿತವಾದ ವಸ್ತುಗಳಿವೆ. ಹೊಸ 500 ರೂಪಾಯಿ ನೋಟಿನ ಉದ್ದ 15 ಸೆಂ.ಮೀ., ಅಗಲ 6.6 ಸೆಂ.ಮೀ. ಎಟಿಎಂ ಕಾರ್ಡಿನ ಅಗಲ 5.4 ಸೆಂ.ಮೀ., ಉದ್ದ 8.56 ಸೆಂ.ಮೀ. 10 ರೂಪಾಯಿ ನಾಣ್ಯದ ಅಡ್ಡಗಲ 27 ಮಿ.ಮೀ. ಬಳೆಗಳಂತೂ ವೃತ್ತದ ಅಚ್ಚುಗಳೇ: 2-4 ಅಂದರೆ ಒಳಗಿನ ಅಡ್ಡಗಲ ಎರಡೂಕಾಲು ಇಂಚು, 2-8 ಅಂದರೆ ಎರಡೂವರೆ. ಕೊರಳಿಗೆ ಅರ್ಧಚಂದ್ರದ ಅಂಚು ಬೇಕಿದ್ದರೆ ಬಳೆಯನ್ನು ಪಕ್ಕ ಪಕ್ಕ ಇಟ್ಟು ಒಳಗಡೆಯಿಂದ ಗೆರೆ ಎಳೆಯಿರಿ, ಪ್ರತಿಯೊಂದು ತಿರುವೂ ಒಂದೇ ಸಮ ಬರುತ್ತದೆ. ಲೋಟದ ಬಾಯಿಯೂ ಆಗುತ್ತದೆ, ಆದರೆ ಅದರ ಉರುಟು ಅಂಚಿನಿಂದ ಗೆರೆ ಸರಿಯುವುದುಂಟು.

ಪೈಪಿಂಗ್‌ಗೆ ಓರೆಪಟ್ಟಿ (ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸಿದ ಪಟ್ಟಿ) ಬೇಕಲ್ಲ, ಅದಕ್ಕೆ 45 ಡಿಗ್ರಿ ತಪ್ಪಬಾರದು. ಒಂದು ಎ4 ಹಾಳೆ ತೆಗೆದುಕೊಳ್ಳಿ (ಅದರ ಅಳತೆ 21 ಸೆಂ.ಮೀ. ಮತ್ತು 29.7 ಸೆಂ.ಮೀ.). ಚಿಕ್ಕ ಅಂಚನ್ನು ಉದ್ದದ ಅಂಚಿನ ಮೇಲೆ ಸರಿಯಾಗಿ ಕೂರುವಂತೆ ಮಡಿಸಿದರೆ ಮಡಿಕೆಯೇ 45 ಡಿಗ್ರಿ. ಹಾಳೆಯ ನೇರ ಅಂಚನ್ನು ಬಟ್ಟೆಯ ಕಿನಾರೆಗೆ ಹೊಂದಿಸಿ ಮಡಿಕೆಯ ಉದ್ದಕ್ಕೂ ಸೋಪಿನ ಗೆರೆ ಎಳೆಯಿರಿ. ಕಣ್ಣಂದಾಜಿನಲ್ಲಿ ಕತ್ತರಿಸಿದ ಪಟ್ಟಿ ಒಂದು ಕಡೆ ಎಳೆದುಕೊಂಡು ಕೊರಳ ಸುತ್ತ ಹುರಿಯಂತೆ ಸುತ್ತಿಕೊಳ್ಳುತ್ತದೆ.

ಪ್ಯಾಟರ್ನ್ ಕಾಗದಕ್ಕೆ ದಿನಪತ್ರಿಕೆ ಎಲ್ಲರೂ ಬಳಸುತ್ತಾರೆ. ಅಳತೆ ಹಾಕಲು ಸರಿ. ತಿಳಿಬಣ್ಣದ ಬಟ್ಟೆಯ ಮೇಲೆ ಇಡಬೇಡಿ, ಅದರ ಶಾಯಿ ಪೂರ್ತಿ ಒಣಗುವುದೇ ಇಲ್ಲ, ಉಜ್ಜಿದರೆ ಬಿಡುತ್ತದೆ. ಪುಸ್ತಕಕ್ಕೆ ಹಾಕುವ ಖಾಕಿ ಕಾಗದ ಒಳ್ಳೆಯದು. ಕಾಲನಿರ್ಣಯ ಕ್ಯಾಲೆಂಡರಿನ ಹಳೇ ಹಾಳೆಗಳನ್ನು ಜೋಡಿಸಿಕೊಂಡರೂ ಆದೀತು. ಜೋಡಿಸಲು ಗೋಂದು ಹಾಕಿ, ಸೆಲ್ಲೋಟೇಪು ಇಸ್ತ್ರಿ ತಾಗಿದರೆ ಕರಗಿ ಬಟ್ಟೆಗೆ ಅಂಟುತ್ತದೆ.

ಕತ್ತರಿಸುವಾಗ ಗುಂಡುಸೂಜಿಯ ಬದಲು ತೂಕ ಇಡುವುದು ಒಳ್ಳೆಯದು. ಪಿನ್ನು ಚುಚ್ಚುವಾಗ ಬಟ್ಟೆ ಏಳುತ್ತದೆ, ತೂಕಕ್ಕೆ ಏಳುವುದಿಲ್ಲ. ಬೇಳೆ ತುಂಬಿದ ಅರ್ಧ ಕಿಲೋದ ಸ್ಟೀಲ್ ಡಬ್ಬಿಗಳು ನಾಲ್ಕೈದು ಸಾಕು. ತಳ ಒರೆಸಿ ಇಡಿ. ಅಡುಗೆಕಟ್ಟೆಯ ಮೇಲೆ ಇರುವ ಡಬ್ಬಿಯ ತಳದಲ್ಲಿ ಕಣ್ಣಿಗೆ ಕಾಣದ ಎಣ್ಣೆ ಇದ್ದೇ ಇರುತ್ತದೆ.

ಇನ್ನು ಅಂಚಿನಿಂದ ಒಂದೇ ದೂರದಲ್ಲಿ ಹೊಲಿಗೆ ಹಾಕುವುದು. ಮ್ಯಾಗ್ನೆಟ್ ಗೈಡು ಕೊಳ್ಳುವ ಬದಲು ಹೀಗೆ ಮಾಡಿ: ಗ್ರಾಫ್ ಕಾಗದದ ಒಂದು ಚೂರನ್ನು ಪಾದದ (ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ) ಕೆಳಗಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿಯ ತುದಿ ಒಂದು ಗೆರೆಯ ಮೇಲೆ ಸರಿಯಾಗಿ ಇಳಿಯುವಂತೆ ಮಾಡಿ, ಪಾದ ಇಳಿಸಿ. ಸೂಜಿಯಿಂದ ಬಲಕ್ಕೆ ಅರ್ಧ ಇಂಚು ಎಣಿಸಿ, ಆ ಗೆರೆಗೆ ಸರಿಯಾಗಿ ಮಾಸ್ಕಿಂಗ್ ಟೇಪು ಹಚ್ಚಿ. ಒಂದೇ ಪದರ ಕಣ್ಣಿಗೆ ಗುರುತು ಮಾತ್ರ. ಬಟ್ಟೆಗೆ ತಡೆಯಾಗಬೇಕೆಂದರೆ ಐದಾರು ಪದರ ಹಚ್ಚಬೇಕು, ಇಲ್ಲವೇ ಅವಧಿ ಮುಗಿದ ಎಟಿಎಂ ಕಾರ್ಡನ್ನು ಟೇಪಿನಿಂದ ಕೂರಿಸಬೇಕು. ಕಪ್ಪು ಮಷಿನ್ನಿನಲ್ಲಿ ಬಾಬಿನ್ (ಕೆಳಗಿನ ದಾರದ ಉರುಳೆ) ಮೇಲಿನ ಜಾರುವ ತಟ್ಟೆ ಇರುತ್ತದಲ್ಲ, ಟೇಪು ಅದನ್ನು ದಾಟಿ ಹೋದರೆ ತಟ್ಟೆ ತೆಗೆಯಲು ಬರುವುದಿಲ್ಲ. ಸಂದಿನಲ್ಲಿ ಬ್ಲೇಡಿನಿಂದ ಕತ್ತರಿಸಿ ಬಿಡಿ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ಮೇಲೆ ಚೂರೂ ಬರಬಾರದು. ನಿಮ್ಮ ಮಷಿನ್ನಿನ ಹಾಸಿನ ಮೇಲೆ ಸೂಜಿಯ ಬಲಕ್ಕೆ ಎರಡು ತಿರುಪಿನ ತೂತು ಇವೆಯೇ ನೋಡಿ. ಗೈಡು ಬಿಗಿಯಲೆಂದೇ ಕೊಟ್ಟಿರುವುದು. ಆ ಪುಟ್ಟ ಕಬ್ಬಿಣದ ಗೈಡು ಹೊಲಿಗೆ ಮಷಿನ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಟೇಪಿಗಿಂತ ಅದೇ ಭದ್ರ.

ಕೋಥ್ರೂಡ್ ಕತ್ತರಿ:

ನೋಡ್ರಿ ಅಕ್ಕಾರ, ಇಸ್ತ್ರಿ ಮಾತು ನಾ ಹೇಳ್ತೀನಿ. ಮನ್ಯಾಗ ಹೊಲದ ಬ್ಲೌಸು ಮನ್ಯಾಗ ಹೊಲದಂಗ ಕಾಣೂದು ಹೊಲಿಗಿಯಿಂದ ಅಲ್ಲರಿ, ನಡುವ ನಡುವ ಇಸ್ತ್ರಿ ಮಾಡದ ಬಿಟ್ಟಿದ್ದಕ್ಕ. ಒಂದೊಂದು ಹೊಲಿಗಿ ಹಾಕಿದ ಕೂಡಲೇ ಅದನ್ನ ಬಿಡಿಸಿ ಒತ್ತಬೇಕು. ಆಮ್ಯಾಲ ಅದರ ಮ್ಯಾಲ ಇನ್ನೊಂದು ಹೊಲಿಗಿ ಬಿತ್ತಂದ್ರ ಒಳಗಿಂದು ಒತ್ತಲಿಕ್ಕೆ ಬರೂದಿಲ್ಲ.

ತೋಳಿನ ಹೊಲಿಗಿ ಬಿಡಿಸಿ ಒತ್ತಲಿಕ್ಕೆ ಲಟ್ಟಣಿಗಿ ತಗೋರಿ. ಅದರ ಸುತ್ತ ಟರ್ಕಿ ಟವೆಲ್ ಎರಡು ಸುತ್ತು ಬಿಗಿಯಾಗಿ ಸುತ್ತಿ, ಮ್ಯಾಲ ಬಿಳಿ ಕಾಟನ್ ಅರಿವಿ ಸುತ್ತಿ ಎರಡೂ ತುದಿ ರಬ್ಬರ್ ಹಾಕ್ರಿ. ಇದನ್ನ ತೋಳಿನೊಳಗ ತೂರಿಸಿ ಮ್ಯಾಲ ಇಸ್ತ್ರಿ ಆಡಿಸ್ರಿ. ಲಟ್ಟಣಿಗಿ ದುಂಡಗಿರ್ತದ, ಹಿಂಗಾಗಿ ಇಸ್ತ್ರಿ ಹೊಲಿಗಿಯ ನಡುಗೆರಿಗೆ ಮಾತ್ರ ತಾಗತದ, ಒಳಗಿನ ಅಂಚಿನ ಅಚ್ಚು ಮ್ಯಾಲಿನ ಮೈಗೆ ಬೀಳೂದಿಲ್ಲ. ಚಪಾತಿ ಮಾಡೂ ಲಟ್ಟಣಿಗ್ಯಾಗ ಎಣ್ಣಿ ಇಂಗಿರ್ತದ, ಬಿಸಿಗೆ ಹೊರಗ ಬರತದ. ರೇಷ್ಮಿಗೆ ಆದ್ರ ಪುಣೇದ ತುಳಶಿಬಾಗ ಮಾರ್ಕೆಟ್‌ನ್ಯಾಗೋ ನಿಮ್ಮ ಕಡೆ ಸಂತ್ಯಾಗೋ ಒಂದು ಹೊಸಾದು ತಂದು ಅದಕ್ಕ ಅಂತ ಇಟ್ಟುಬಿಡ್ರಿ.

ಎದಿಯ ಡಾರ್ಟು (ಆಕಾರಕ್ಕ ಅರಿವಿ ಮಡಚಿ ಹಾಕೂ ಚೂಪು ಹೊಲಿಗಿ), ಕಟೋರಿ (ಬಟ್ಟಲಿನಂಥ ಎದಿ ತುಂಡು) ಹೊಲಿಗಿ ಚಪ್ಪಟಿ ಮೇಜಿನ ಮ್ಯಾಲ ಒತ್ತಬ್ಯಾಡ್ರಿ, ಡಾರ್ಟಿನ ತುದಿಗೆ ಗುಳ್ಳಿ ಏಳತದ. ಟವೆಲ್ಲನ್ನ ಗಟ್ಟಿಯಾಗಿ ಉಂಡಿ ಮಾಡಿ ಹಳೇ ಕಾಟನ್ ಪ್ಯಾಂಟಿನ ಕಾಲಿನ ತುಂಡಿನೊಳಗ ತುರುಕಿದ್ರ ದಿಂಬು ಆತು. ಕಾಯಂ ಬೇಕಂದ್ರ ಬಡಗ್ಯಾರ ಕಡೆಯಿಂದ ಒಣ ಹೊಟ್ಟು ತಂದು ಜರಡಿ ಹಿಡಿದು ತುಂಬ್ರಿ. ಕಲ್ಲಿನಷ್ಟು ಗಟ್ಟಿ ಆಗೂತನಕ ತುಂಬಬೇಕು. ಅಕ್ಕಿ ತುಂಬಬ್ಯಾಡ್ರಿ, ಉಗಿ ಕುಡಿದು ಹುಳ ಬೀಳತದ.

ಮರದ ತುಂಡು ಅಂದ್ರ ಏನು? ಉಗಿ ಕೊಟ್ಟ ಮ್ಯಾಲ ಹತ್ತು ಹದಿನೈದು ಸೆಕೆಂಡು ಮಡಿಕಿ ಮ್ಯಾಲ ಒತ್ತಿ ಹಿಡಿಯೂದು, ಅಷ್ಟ. ಅರಿವಿ ಬಿಸಿ ಇದ್ದಾಗ ಅಲ್ಲ, ಆರೂ ಮುಂದ ಆಕಾರ ಹಿಡೀತದ. ಮರ ಉಗಿ ಹೀರಿಕೊಂಡು ಅಂಚನ್ನ ಹಂಗ ಹಿಡಿದಿಡತದ. ಪಾಲಿಶ್, ಬಣ್ಣ ಏನೂ ಇಲ್ಲದ ಗಟ್ಟಿ ಮರದ ತುಂಡು ನಡೀತದ, ಅಂಚು ಪಾಲಿಶ್ ಪೇಪರ್ ಹಚ್ಚಿ ನುಣ್ಣಗ ಮಾಡ್ಕೋರಿ. ಚಪಾತಿ ಮಣಿ ಬ್ಯಾಡ.

ರೇಷ್ಮಿ ಮ್ಯಾಲ ನೀರು ಚಿಮುಕಿಸಬ್ಯಾಡ್ರಿ, ಹನಿ ಬಿದ್ದಲ್ಲೆ ಕಲಿ ಉಳೀತದ. ಹಳೇ ಮಲ್ ಪಂಜಿ ತುಂಡನ್ನ ಒದ್ದಿ ಮಾಡಿ ಚೊಲೋ ಹಿಂಡಿ, ಅದರ ಮ್ಯಾಲಿಂದ ಇಸ್ತ್ರಿ ಮಾಡ್ರಿ. ಜರಿ ಇದ್ದಲ್ಲೆ ಒಣಾ ಅರಿವಿ ಇಟ್ಟು ಕಡಿಮಿ ಬಿಸಿ. ಈಗಿನ ಜರಿಯೊಳಗ ಪ್ಲಾಸ್ಟಿಕ್ ಎಳಿ ಭಾಳ, ಸುಟ್ಟರ ಸುಕ್ಕಾಗತದ.

ಇನ್ನ ಎಣ್ಣಿ. ಕೊಬ್ಬರಿ ಎಣ್ಣಿ ಮಷಿನ್ನಿಗೆ ಹಾಕೂ ಮಂದಿ ಇನ್ನೂ ಇದ್ದಾರ. ಅದು 24 ಡಿಗ್ರಿ ಸುತ್ತಮುತ್ತ ಗಟ್ಟಿ ಆಗತದ. ಪುಣೇದಾಗ ಡಿಸೆಂಬರ್, ಜನವರಿ ರಾತ್ರಿ ಅದಕ್ಕಿಂತ ಭಾಳ ಕೆಳಗ ಇಳೀತದ. ಮುಂಜಾನೆ ಮಷಿನ್ ತುಳದ್ರ ಚಕ್ರ ಅಲುಗಾಡೂದಿಲ್ಲ. ಮುಂಬೈದಾಗ ಗಟ್ಟಿ ಆಗದಿದ್ರೂ ಬಟ್ಟಿಯ ನಾರಿನ ಕೂಡ ಸೇರಿ ಮಸಿ ಅಂಟಾಗತದ. ಶೇಂಗಾ ಎಣ್ಣಿ, ಸಾಸಿವಿ ಎಣ್ಣಿ ಇನ್ನೂ ಕೆಟ್ಟ, ಒಣಗಿ ವಾರ್ನಿಷ್ ಆಗತಾವ. ಬಿಳಿ ಮಷಿನ್ ಎಣ್ಣಿ ಒಂದ ಸಾಕು, ತೂತಿಗೆ ಒಂದು ಹನಿ. ಹಾಕಿದ ಮ್ಯಾಲ ಹಾಳು ಅರಿವಿ ಮ್ಯಾಲ ದಾರ ಇಲ್ಲದ ಎರಡು ನಿಮಿಷ ತುಳೀರಿ, ಹೆಚ್ಚಿಂದು ಅಲ್ಲೆ ಇಳೀತದ. ಎಣ್ಣಿ ಹಾಕೂ ಮೊದಲ ಹಲ್ಲಿನ ನಡುವಿನ ನಾರು ತೆಗೀಬೇಕು. ಹಳೇ ಬಣ್ಣದ ಬ್ರಶ್ ಚೊಲೋ. ಬಾಯಿಂದ ಊದಬ್ಯಾಡ್ರಿ, ಉಸಿರಿನ ತೇವಕ್ಕ ತುಕ್ಕು ಹಿಡೀತದ.

ಡೊಂಬಿವಲಿ ದಾರ:

ಇಬ್ಬರಿಗೂ ತುಂಬಾ ಧನ್ಯವಾದ. ಎರಡು ಪ್ರಶ್ನೆ. ಅಲ್ಯುಮಿನಿಯಂ ಫಾಯಿಲ್ ಕತ್ತರಿಸಿದರೆ ಕತ್ತರಿ ಹರಿತವಾಗುತ್ತದೆ ಎನ್ನುತ್ತಾರೆ, ನಿಜವೇ? ಮತ್ತೆ ಮಳೆ ಶುರುವಾದಾಗಿನಿಂದ ಮಷಿನ್ನಿನ ಚರ್ಮದ ಬೆಲ್ಟು ಜಾರುತ್ತಿದೆ, ತುಳಿದರೆ ಕೆಳಗಿನ ಚಕ್ರ ತಿರುಗಿ ಮೇಲಿನದು ನಿಲ್ಲುತ್ತದೆ.

ಕೋಥ್ರೂಡ್ ಕತ್ತರಿ:

ಫಾಯಿಲ್ ಅರ್ಧ ನಿಜರಿ. ಆರು ಪದರ ಮಡಚಿ ಹತ್ತು ಸಲ ಕತ್ತರಿಸಿದ್ರ ಅಲಗಿನ ಮ್ಯಾಲಿನ ಸಣ್ಣ ಮುಳ್ಳು ಸಮ ಆಗತಾವ, ಹಿಂಗಾಗಿ ಒಂದೆರಡು ದಿನ ಚೊಲೋ ಅನಸತದ. ಸವೆದ ಅಲಗು ಅದರಿಂದ ಹರಿತ ಆಗೂದಿಲ್ಲ. ಸಾಣಿ ಹಿಡಿಯಾಂವ ಓಣ್ಯಾಗ ಬಂದ್ರ ಕೊಡ್ರಿ, ಆದ್ರ ಎದುರಿಗೆ ನಿಂತು ಹೇಳಬೇಕು: ಹೊರಗಿನ ಇಳಿಜಾರು ಅಷ್ಟ ಹಿಡಿ, ಒಳಮೈ ಮುಟ್ಟಬ್ಯಾಡ ಅಂತ. ಒಳಮೈ ತಿಕ್ಕಿದ್ರ ಎರಡು ಅಲಗು ಒಂದಕ್ಕೊಂದು ಕೂಡೂದಿಲ್ಲ, ಅರಿವಿ ಕಡಿಯೂ ಬದಲಿ ನಡುವ ಮಡಚಿಕೊಂಡು ಹೋಗತದ.

ಮತ್ತ ಬಟ್ಟಿ ಕತ್ತರಿಯಿಂದ ಕಾಗದ ಮುಟ್ಟಬ್ಯಾಡ್ರಿ. ಕಾಗದದಾಗ ಸುಣ್ಣ, ಜೇಡಿ ಪುಡಿ ಇರ್ತದ, ಅದು ಅಲಗು ತಿಂತದ. ಹಿಡಿಕಿಗೆ ಒಂದು ಕೆಂಪು ರಿಬ್ಬನ್ ಕಟ್ಟಿಬಿಡ್ರಿ, ಮನಿ ಮಂದಿಗೆಲ್ಲ ಗೊತ್ತಿರಲಿ.

ಮುಲುಂಡ್ ಕಟಿಂಗ್:

ಬೆಲ್ಟಿನ ವಿಷಯ: ಚರ್ಮ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ತೊಂದರೆ ಇದ್ದದ್ದೇ. ತಕ್ಷಣಕ್ಕೆ ಬೆಲ್ಟಿನ ಒಳಮೈಗೆ ಸೀಮೆಸುಣ್ಣ ಉಜ್ಜಿದರೆ ಹಿಡಿತ ಬರುತ್ತದೆ. ಸರಿಯಾದ ರಿಪೇರಿ ಅಂದರೆ ತಂತಿ ಕೊಂಡಿಯನ್ನು ಇಕ್ಕಳದಿಂದ ಬಿಡಿಸಿ, ಒಂದು ತುದಿಯಲ್ಲಿ 1 ಸೆಂ.ಮೀ. ಕತ್ತರಿಸಿ, ಕಾಯಿಸಿದ ದಬ್ಬಳದಿಂದ ಹೊಸ ತೂತು ಮಾಡಿ ಕೊಂಡಿ ಮತ್ತೆ ಮಡಚುವುದು. ಒಂದೇ ಸಲ ಹೆಚ್ಚು ಕತ್ತರಿಸಬೇಡಿ. ಬಿಗಿ ಜಾಸ್ತಿಯಾದರೆ ಪೆಡಲ್ ಭಾರವಾಗುತ್ತದೆ, ಬೇಸಿಗೆಯಲ್ಲಿ ಬೆಲ್ಟು ಒಣಗಿ ಕುಗ್ಗಿದಾಗ ಇನ್ನೂ ಭಾರ. ಬೆರಳಿಂದ ಒತ್ತಿದರೆ ಅರ್ಧ ಇಂಚಿನಷ್ಟು ಬಾಗಬೇಕು.

ಡೋರಿ, ಪೈಪಿಂಗ್ ಬಗ್ಗೆ ಹೇಳುವುದು ಬಿಟ್ಟಿತ್ತು. ಡೋರಿಗೆ ಒಂದು ಇಂಚು ಅಗಲದ ಓರೆಪಟ್ಟಿ ಕತ್ತರಿಸಿ, ಒಳಮೈ ಹೊರಗೆ ಬರುವಂತೆ ಉದ್ದಕ್ಕೆ ಮಡಿಸಿ, ಮಡಿಕೆಯಿಂದ ಕಾಲು ಇಂಚಿಗೆ ಹೊಲಿಯಿರಿ. ಹೊಲಿಗೆ ಚಿಕ್ಕದಿರಲಿ, 2 ಮಿ.ಮೀ. ಹೊಲಿಯುವಾಗ ಪಟ್ಟಿಯನ್ನು ಸ್ವಲ್ಪ ಎಳೆದು ಹಿಡಿಯಬೇಕು; ಹಾಗೆ ಮಾಡದಿದ್ದರೆ ತಿರುಗಿಸಿ ಎಳೆದಾಗ ದಾರ ಪಟ್ ಅಂತ ಹರಿಯುತ್ತದೆ. ಉಳಿದ ಅಂಚನ್ನು 4-5 ಮಿ.ಮೀ.ಗೆ ಕತ್ತರಿಸಿ. ಅದೇ ಒಳಗೆ ತುಂಬಿಕೊಂಡು ಡೋರಿಗೆ ದುಂಡು ಬರುವುದರಿಂದ ಪೂರ್ತಿ ತೆಗೆಯಬೇಡಿ.

ತಿರುಗಿಸಲು ದಬ್ಬಳಕ್ಕೆ ಎರಡೆಳೆ ಗಟ್ಟಿ ದಾರ ಪೋಣಿಸಿ, ದಾರದ ತುದಿಯನ್ನು ಪಟ್ಟಿಯ ಒಂದು ತುದಿಗೆ, ಹೊಲಿಗೆ ಇರುವ ಕಡೆಯೇ, ನಾಲ್ಕು ಸಲ ಹೊಲಿದು ಗಂಟು ಹಾಕಿ. ಆಮೇಲೆ ದಬ್ಬಳವನ್ನು ಕಣ್ಣಿನ ಕಡೆಯಿಂದ ಕೊಳವೆಯೊಳಗೆ ತೂರಿಸಿ. ಚೂಪು ಮುಂದಾದರೆ ಬಟ್ಟೆಯ ಎಳೆಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿಯಿಂದ ಹೊರಬಂದ ಮೇಲೆ ನಿಧಾನಕ್ಕೆ ಎಳೆಯುತ್ತಾ, ಪ್ರಾರಂಭದ ತುದಿಯನ್ನು ಉಗುರಿನಿಂದ ಒಳಕ್ಕೆ ತಳ್ಳಬೇಕು. ಕಷ್ಟವಿರುವುದು ಮೊದಲ ಒಂದು ಸೆಂ.ಮೀ. ಮಾತ್ರ, ಅದು ಒಳಗೆ ಹೋದರೆ ಉಳಿದದ್ದು ತಾನಾಗಿ ಜಾರುತ್ತದೆ. ಲಂಗಕ್ಕೆ ಲಾಡಿ ಹಾಕಲು ಹಿಡಿಕೆಯ ತುದಿಯಲ್ಲಿ ತೂತಿರುವ ಹಳೇ ಟೂತ್‌ಬ್ರಶ್ ಸೇಫ್ಟಿ ಪಿನ್ನಿಗಿಂತ ವಾಸಿ, ನಡುವೆ ಬಿಚ್ಚಿಕೊಳ್ಳುವುದಿಲ್ಲ. ಬ್ರಶ್ಶಿನ ತಲೆ ಕತ್ತರಿಸಿ ಪಾಲಿಶ್ ಪೇಪರ್‌ನಿಂದ ನುಣುಪು ಮಾಡಿಟ್ಟುಕೊಳ್ಳಿ.

ಪೈಪಿಂಗ್ ಒಳಗೆ ಹಾಕಲು ಮಿಠಾಯಿ ಡಬ್ಬಿ ಕಟ್ಟುವ ಬಿಳಿ ಹತ್ತಿಯ ಹುರಿ ಸರಿಹೋಗುತ್ತದೆ, ಆದರೆ ಮೊದಲು ಬಿಸಿನೀರಿನಲ್ಲಿ ನೆನೆಸಿ ಒಣಗಿಸಿ. ನೆನೆಸದ ಹುರಿ ಮೊದಲ ಒಗೆತಕ್ಕೇ ಕುಗ್ಗಿ ಕೊರಳೆಲ್ಲ ನೆರಿಗೆಯಾಗುತ್ತದೆ. ಹುರಿಗೆ ಒತ್ತಿ ಹೊಲಿಯಲು ಒಂದೇ ಬದಿಯ ಪಾದ ಬೇಕು, ಜಿಪ್ಪರ್ ಪಾದ ಅನ್ನುತ್ತಾರಲ್ಲ ಅದು. ಅದಕ್ಕೆ ಬದಲಿ ಮನೆಯಲ್ಲಿಲ್ಲ. ಮಾಮೂಲಿ ಪಾದ ಹುರಿಯ ಮೇಲೆ ಹತ್ತಿ ಹೊಲಿಗೆಯನ್ನು ದೂರಕ್ಕೆ ತಳ್ಳುತ್ತದೆ, ಪೈಪಿಂಗ್ ಸಡಿಲ ಕಾಣುತ್ತದೆ. ದಾದರ್ ಕಡೆ ಹೋದಾಗ ಆ ಪಾದದ ಜೊತೆ 11 ನಂಬರಿನ ಸೂಜಿಯನ್ನೂ ತಂದುಬಿಡಿ, ರೇಷ್ಮೆಗೆ ಅದೇ ಬೇಕು. ಕಾಟನ್‌ಗೆ 14.

ಮಡಗಾಂವ್ ಮಳೆ:

ತಡವಾಗಿ ನೋಡಿದೆ. ಗೋವಾದಲ್ಲಿ ಮಳೆಯ ಜೊತೆ ಉಪ್ಪುಗಾಳಿಯೂ ಸೇರುವುದರಿಂದ ತುಕ್ಕು ಮತ್ತು ರೆಕ್ಸಿನ್, ಇವೆರಡನ್ನೂ ವಿವರವಾಗಿ ಬರೆಯುತ್ತೇನೆ.

ಪಿನ್ ಕುಶನ್‌ಗೆ ಪಾತ್ರೆ ತಿಕ್ಕುವ ಸ್ಟೀಲ್ ತಂತಿ ತುಂಬಿದರೆ ಸೂಜಿ ಹರಿತವಾಗುತ್ತದೆ ಎಂಬ ಸಲಹೆ ಎಲ್ಲೆಡೆ ಹರಿದಾಡುತ್ತಿದೆ. ಅಡುಗೆಮನೆಯ ತಂತಿ ತೀರ ಒರಟು, ಸೂಜಿಯ ತುದಿಗೆ ಗೀರು ಬೀಳುವುದಷ್ಟೇ. ತೆಳು ಉಕ್ಕಿನ ಉಣ್ಣೆಯಾದರೆ ನಮ್ಮ ಕರಾವಳಿಯ ತೇವಕ್ಕೆ ಅದೇ ಮೊದಲು ತುಕ್ಕು ಹಿಡಿದು ಸೂಜಿಗೂ ದಾಟಿಸುತ್ತದೆ. ಹಳೆಯ ಉಣ್ಣೆ ಸ್ವೆಟರಿನ ಚೂರುಗಳನ್ನು ತುಂಬಿ. ಕುರಿಯ ಉಣ್ಣೆಯಲ್ಲಿರುವ ಸಹಜ ಜಿಡ್ಡು ಲೋಹಕ್ಕೆ ರಕ್ಷಣೆ. ಅಕ್ರಿಲಿಕ್ ದಾರದಲ್ಲಿ ಆ ಗುಣವಿಲ್ಲ. ಮಷಿನ್ ಸೂಜಿಗಳನ್ನು ಕುಶನ್‌ನಲ್ಲಿ ಚುಚ್ಚಿಡಲೇಬೇಡಿ. ಬಿಗಿ ಮುಚ್ಚಳದ ಚಿಕ್ಕ ಡಬ್ಬಿಯಲ್ಲಿ, ಮಷಿನ್ ಎಣ್ಣೆಯ ಒಂದು ಹನಿ ಸವರಿದ ಬಟ್ಟೆಯಲ್ಲಿ ಸುತ್ತಿ, ಶೂ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣವನ್ನು ಜೊತೆಗಿಡಿ. ಹೊಲಿಯುವ ಮುನ್ನ ಸೂಜಿಯನ್ನು ಒರೆಸಿ, ಮರೆತರೆ ಮೊದಲ ಹೊಲಿಗೆಗೇ ಎಣ್ಣೆಯ ಚುಕ್ಕೆ.

ಅರ್ಧ ಹೊಲಿದ ಬಟ್ಟೆಯಲ್ಲಿ ಗುಂಡುಸೂಜಿ ಬಿಟ್ಟು ರಾತ್ರಿ ಮಲಗಬೇಡಿ. ಮಳೆಗಾಲದಲ್ಲಿ ತುಕ್ಕಿನ ಕಂದು ಚುಕ್ಕೆ ಬೀಳಲು ಬಹಳ ಹೊತ್ತು ಬೇಡ. ಬಿಳಿ ಕಾಟನ್ ಆದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಇಟ್ಟು ತೊಳೆದರೆ ಹೋಗುತ್ತದೆ. ಬಣ್ಣದ ಬಟ್ಟೆಗೆ ಹಚ್ಚಿದರೆ ಬಣ್ಣವೂ ಹೋದೀತು. ಕೆಳಗೆ ಬಿದ್ದ ಪಿನ್ನು ಹುಡುಕಲು ಹಾಳಾದ ಸ್ಪೀಕರಿನ ಮ್ಯಾಗ್ನೆಟ್ ಸಾಕು. ಅದನ್ನು ಮಷಿನ್ನಿನ ಮೇಲೆ ಇಟ್ಟುಕೊಳ್ಳಬೇಡಿ, ಸೂಜಿಗೂ ಬಾಬಿನ್ ಕೇಸಿಗೂ ಕಾಂತ ಹತ್ತಿ ಕಬ್ಬಿಣದ ಪುಡಿ ಅಂಟುತ್ತದೆ.

ರೆಕ್ಸಿನ್‌ಗೆ ಪಿನ್ನು ಚುಚ್ಚುವ ಹಾಗೇ ಇಲ್ಲ, ಆದ ತೂತು ಮುಚ್ಚುವುದಿಲ್ಲ, ನೀರು ಅಲ್ಲಿಂದಲೇ ಇಳಿಯುತ್ತದೆ. ಕೂದಲಿಗೆ ಹಾಕುವ ಚಪ್ಪಟೆ ಟಿಕ್‌ಟಾಕ್ ಕ್ಲಿಪ್ಪುಗಳು ಅತ್ಯುತ್ತಮ, ಪಾದದ ಹತ್ತಿರ ಬಂದಾಗ ಎರಡು ಇಂಚು ಮೊದಲೇ ತೆಗೆಯಿರಿ. ಫೈಲಿನ ಕಪ್ಪು ಬೈಂಡರ್ ಕ್ಲಿಪ್ಪೂ ಆಗುತ್ತದೆ, ಬಿಗಿ ಜಾಸ್ತಿ ಇರುವುದರಿಂದ ಅಡಿಗೆ ಮಡಿಸಿದ ಕಾಗದ ಕೊಟ್ಟು ಹಾಕಿ, ಇಲ್ಲವಾದರೆ ಅಚ್ಚು ಉಳಿಯುತ್ತದೆ. ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ತೂಕಕ್ಕೆ ಅಂಚನ್ನೇ ತಿರುಚುತ್ತದೆ.

ಹೊಲಿಗೆಯ ಉದ್ದ 3.5ರಿಂದ 4 ಮಿ.ಮೀ. ಇರಲಿ. ಬ್ಲೌಸಿಗೆ ಇಡುವ ಚಿಕ್ಕ ಹೊಲಿಗೆಯನ್ನೇ ಇಲ್ಲಿಟ್ಟರೆ ತೂತುಗಳು ಒತ್ತೊತ್ತಾಗಿ ಬಿದ್ದು ಅಂಚೆಚೀಟಿಯ ಅಂಚಿನಂತೆ ಹರಿದು ಬರುತ್ತದೆ. ಸೂಜಿ 16, ದಾರ ಪಾಲಿಯೆಸ್ಟರ್. ಹತ್ತಿಯ ದಾರ ಬಾಲ್ಕನಿಯ ತೇವದಲ್ಲಿ ಕೊಳೆಯುತ್ತದೆ. ಹೊಲಿಗೆ ತಪ್ಪಿದರೆ ಬಿಚ್ಚಿ ಅದೇ ತೂತುಗಳಲ್ಲಿ ಹೊಲಿಯಬೇಕೇ ಹೊರತು ಪಕ್ಕದಲ್ಲಿ ಇನ್ನೊಂದು ಸಾಲು ಹಾಕಬಾರದು.

ರೆಕ್ಸಿನ್ನಿನ ಹೊಳೆಯುವ ಮೈ ಪಾದಕ್ಕೆ ಅಂಟಿಕೊಂಡು ಮುಂದೆ ಸಾಗುವುದಿಲ್ಲ. ಹೊಲಿಗೆ ಒಂದೇ ಕಡೆ ಗುಡ್ಡೆಯಾಗುತ್ತದೆ. ಇದಕ್ಕೆ ಕೆಲವರು ಎಣ್ಣೆ ಸವರುತ್ತಾರೆ, ಬೇಡವೇ ಬೇಡ, ಕಲೆಯೂ ಆಗುತ್ತದೆ, ಹಲ್ಲುಗಳ ಹಿಡಿತವೂ ತಪ್ಪುತ್ತದೆ. ಅಡುಗೆಯ ಬಟರ್ ಪೇಪರನ್ನು ಎರಡು ಇಂಚು ಅಗಲದ ಪಟ್ಟಿ ಮಾಡಿ ರೆಕ್ಸಿನ್ ಮೇಲಿಟ್ಟು ಕಾಗದ ಸಮೇತ ಹೊಲಿಯಿರಿ. ಪಾದಕ್ಕೆ ತಾಗುವುದು ಕಾಗದ, ಆದ್ದರಿಂದ ನಯವಾಗಿ ಜಾರುತ್ತದೆ. ನಿಮ್ಮ ಮೂಲೆಗಳಲ್ಲಿ ನಾಲ್ಕು ಪದರ ಸೇರುತ್ತದೆ. ಅಲ್ಲಿ ತುಳಿಯುವುದು ಬಿಟ್ಟು ಚಕ್ರವನ್ನು ಕೈಯಿಂದಲೇ ತಿರುಗಿಸಿ. ಪಾದದ ಹಿಂಭಾಗ ಕೆಳಗೆ ಬಿದ್ದು ಮುಂಭಾಗ ಎದ್ದಿದ್ದರೆ ಹಿಂದೆ ಅದೇ ದಪ್ಪದ ರಟ್ಟಿನ ಚೂರು ಕೊಡಿ, ಪಾದ ಸಮವಾಗಿ ಕೂರುತ್ತದೆ.

ಕೈಹೊಲಿಗೆ ಎಲ್ಲಾದರೂ ಹಾಕಬೇಕಿದ್ದರೆ ದಪ್ಪದಲ್ಲಿ ಸಿಕ್ಕ ಸೂಜಿಯನ್ನು ಎಳೆಯಲು ಹಳೇ ಕುಕ್ಕರ್ ಗ್ಯಾಸ್ಕೆಟ್ಟಿನ ಎರಡು ಇಂಚಿನ ತುಂಡು ಬೆರಳುಗಳ ನಡುವೆ ಹಿಡಿಯಿರಿ, ಇಕ್ಕಳ ಹಾಕಿದರೆ ಸೂಜಿ ಮುರಿಯುತ್ತದೆ. ಕೈಹೊಲಿಗೆಯ ದಾರವನ್ನು ಮೇಣದಬತ್ತಿಗೆ ಎರಡು ಸಲ ಎಳೆದು, ಕಾಗದದ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿದರೆ ಗಂಟಾಗುವುದಿಲ್ಲ. ಆ ದಾರ ಮಷಿನ್ನಿಗೆ ಹೋಗಬಾರದು, ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಮೇಣ ಕಟ್ಟುತ್ತದೆ. ರೇಷ್ಮೆಗೂ ಬೇಡ.

ಡೊಂಬಿವಲಿ ದಾರ:

ಬಟರ್ ಪೇಪರ್ ಇಟ್ಟು ರೆಕ್ಸಿನ್ನಿನ ತುಂಡೊಂದರ ಮೇಲೆ ಹೊಲಿದು ನೋಡಿದೆ, ಪಾದಕ್ಕೆ ಅಂಟುವುದು ನಿಂತಿತು. ಹೊಲಿಗೆಯ ಅಡಿಯಲ್ಲಿ ಮಾತ್ರ ಕಾಗದದ ಚೂರುಗಳು ಉಳಿದಿವೆ. ಎಳೆದರೆ ಹೊಲಿಗೆಯೂ ಸಡಿಲವಾಗುತ್ತಿದೆ. ಇನ್ನೊಂದು, ಮೇಲಿನ ದಾರ ಕೆಳಗೆ ಕುಣಿಕೆಯಾಗಿ ಬೀಳುತ್ತಿದೆ.

ಮಡಗಾಂವ್ ಮಳೆ:

ಕಾಗದವನ್ನು ಮೇಲಕ್ಕೆ ಎಳೆಯಬೇಡಿ ಅಕ್ಕ. ಹೊಲಿಗೆಯ ಮೇಲೆ ಎಡಗೈ ಹೆಬ್ಬೆರಳು ಒತ್ತಿ ಹಿಡಿದು, ಕಾಗದವನ್ನು ಹೊಲಿಗೆಯ ಕಡೆಗೆ ಮಡಿಸಿ ಉಗುರಿನಿಂದ ಗೀರಿ, ಆಮೇಲೆ ಅಡ್ಡಕ್ಕೆ ಹರಿಯಿರಿ. ಒಂದು ಬದಿ ಮುಗಿಸಿ ಇನ್ನೊಂದು ಬದಿ. ಸಿಕ್ಕಿಕೊಂಡ ಎಳೆಗಳಿಗೆ ಒಣ ಟೂತ್‌ಬ್ರಶ್ಶನ್ನು ಹೊಲಿಗೆಯ ಉದ್ದಕ್ಕೆ ಎಳೆದರೆ ಬಿಡುತ್ತವೆ. ಮುಂದಿನ ಸಲ ಹೊಲಿಯುವ ಮೊದಲೇ ಕಾಗದವನ್ನು ಉಂಡೆ ಮಾಡಿ ಬಿಡಿಸಿ ಬಳಸಿ, ಸುಕ್ಕಾದ ಕಾಗದ ಸುಲಭವಾಗಿ ಹರಿಯುತ್ತದೆ.

ಕುಣಿಕೆ ಕೆಳಗೆ ಬೀಳುತ್ತಿದ್ದರೆ ತೊಂದರೆ ಬಹುಪಾಲು ಮೇಲಿನ ದಾರದ್ದು. ಟೆನ್ಷನ್ ತಿರುಪು ಮುಟ್ಟುವ ಮೊದಲು ಪಾದ ಎತ್ತಿ ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ. ಪಾದ ಇಳಿದಿದ್ದಾಗ ಪೋಣಿಸಿದರೆ ದಾರ ಬಿಲ್ಲೆಗಳ ನಡುವೆ ಕೂರುವುದೇ ಇಲ್ಲ. ಆಮೇಲೂ ಕುಣಿಕೆ ಬಂದರೆ ತಿರುಪನ್ನು ಬಲಕ್ಕೆ ಕಾಲು ಸುತ್ತು ಬಿಗಿ ಮಾಡಿ, ಅದೇ ರೆಕ್ಸಿನ್ನಿನ ಎರಡು ಪದರದ ಮೇಲೆ ಕಾಗದ ಇಟ್ಟು ಹೊಲಿದು ನೋಡಿ. ಬ್ಲೌಸಿಗೆ ಹೋಗುವಾಗ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿ, ಆ ಬಟ್ಟೆಯ ಚೂರಿನ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಸೂಜಿಯನ್ನೂ ಆಗಲೇ ಬದಲಿಸಿ, ರೆಕ್ಸಿನ್ ಹೊಲಿದ 16ರ ಸೂಜಿ ರೇಷ್ಮೆಯ ಎಳೆ ಎಳೆಯುತ್ತದೆ.